ಕೂತಿದ್ದಾಗಲೇ ಉತ್ತರ

ಆಸ್ಟ್ರೇಲಿಯಾದ ಒಳನಾಡಿನ ಮೂಲನಿವಾಸಿ ಊರುಗಳಿಗೆ ದೊಡ್ಡ ಪ್ರಯೋಗಾಲಯ ನೂರಾರು ಕಿಲೋಮೀಟರ್ ದೂರ. ಮೂತ್ರದ ಮಾದರಿ ಅಷ್ಟು ದೂರ ಹೋಗಿ ಫಲಿತಾಂಶ ಬರುವಷ್ಟರಲ್ಲಿ ದಿನಗಳೇ ಉರುಳುತ್ತವೆ. ಪರೀಕ್ಷೆಗೆ ಬಂದಿದ್ದ ಹುಡುಗಿ ಅಷ್ಟರಲ್ಲಿ ನೆಂಟರ ಮನೆಯ ಸಾವಿಗೆಂದು ಬೇರೆ ಊರು ಸೇರಿರಬಹುದು. ರೋಗ ಗೊತ್ತಾಗಿದೆ, ಔಷಧಿ ಕಪಾಟಿನಲ್ಲೇ ಇದೆ, ರೋಗಿಯ ಸುಳಿವಿಲ್ಲ. ಕ್ಲಮೈಡಿಯಾದಂಥ ಲೈಂಗಿಕ ಸೋಂಕು ಬಹಳ ಸಲ ನೋವು ಕೊಡದೆ ಒಳಗೇ ಉಳಿದು ಹೆಣ್ಣಿನ ಗರ್ಭನಾಳವನ್ನು ಕೆಡಿಸಬಲ್ಲದು. ಹಾಗಾಗಿ ಅವಳಾಗಿ ಮರಳಿ ಬರಲು ಕಾರಣವೂ ಇರುವುದಿಲ್ಲ.

2013ರಿಂದ 2016ರವರೆಗೆ ಇಂಥ ಊರುಗಳ 12 ಆರೋಗ್ಯ ಕೇಂದ್ರಗಳಲ್ಲಿ 'ಟ್ಯಾಂಗೊ' ಎಂಬ ಅಧ್ಯಯನ ನಡೆಯಿತು. ನಮ್ಮಲ್ಲಿ ಕಫ ಪರೀಕ್ಷಿಸಿ ಕ್ಷಯ ಪತ್ತೆ ಮಾಡುವ ಜೀನ್‌ಎಕ್ಸ್‌ಪರ್ಟ್ ಯಂತ್ರವನ್ನೇ ಅಲ್ಲಿ ಮೇಜಿನ ಮೇಲಿಟ್ಟರು. ಸ್ವಲ್ಪ ಮೂತ್ರವನ್ನು ಪುಟ್ಟ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಯಂತ್ರದೊಳಗೆ ಕೂರಿಸಿದರೆ ಒಂದೂವರೆ ಗಂಟೆಯಲ್ಲಿ ಕ್ಲಮೈಡಿಯಾ, ಗೊನೊರಿಯಾ ಎರಡರ ಫಲಿತಾಂಶವೂ ಸಿಗುತ್ತದೆ. ವಾರದೊಳಗೆ ಚಿಕಿತ್ಸೆ ಪಡೆದವರ ಪ್ರಮಾಣ ಹೆಚ್ಚಿತು.

ಇನ್ನೊಂದು ಲೈಂಗಿಕ ಸೋಂಕಾದ ಸಿಫಿಲಿಸ್‌ನ ಕಥೆ ಇನ್ನೂ ಕಠಿಣ. 2011ರಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹೊತ್ತಿಕೊಂಡ ಈ ಸೋಂಕು ಇನ್ನೂ ಮೂರು ಪ್ರಾಂತ್ಯಗಳಿಗೆ ಹಬ್ಬಿತು. ತಾಯಿಯಿಂದ ಸೋಂಕು ತಗಲಿದ ಶಿಶುಗಳೂ ತೀರಿಕೊಂಡವು. ಗರ್ಭಿಣಿಗೆ ಸಕಾಲಕ್ಕೆ ಪೆನಿಸಿಲಿನ್ ಕೊಟ್ಟರೆ ತಪ್ಪಿಸಬಹುದಾದ ಸಾವದು. ಇದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬೆರಳಿಗೆ ಚುಚ್ಚಿ, ತೊಟ್ಟು ರಕ್ತವನ್ನು ಪಟ್ಟಿಯ ಮೇಲಿಟ್ಟು, ಹದಿನೈದು ನಿಮಿಷ ಕಾದು ಗೆರೆ ನೋಡುವ ಪರೀಕ್ಷೆ 2018ರಲ್ಲಿ ಅಲ್ಲಿನ ಕೇಂದ್ರಗಳಿಗೆ ಬಂತು. ಹಿಂದೆ ವಾಸಿಯಾದವರಲ್ಲೂ ಆ ಗೆರೆ ಮೂಡುತ್ತದೆ. ಆದ್ದರಿಂದ ಹಳೆಯ ದಾಖಲೆ ತೆಗೆದು ನೋಡಬೇಕು, ರಕ್ತವನ್ನು ಪ್ರಯೋಗಾಲಯಕ್ಕೂ ಕಳಿಸಬೇಕು.

ಆದರೆ ಆ ಬೆರಳನ್ನು ಹಿಡಿಯುವ ಕೈ ಯಾರದು? 1908ರಿಂದ 1919ರವರೆಗೆ ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ ಗುಹ್ಯರೋಗವಿದೆಯೆಂದು ಮೂಲನಿವಾಸಿಗಳನ್ನು ಹಿಡಿದು ಬರ್ನಿಯರ್, ಡೋರ್ ದ್ವೀಪಗಳಲ್ಲಿ ಕೂಡಿಹಾಕಿತು. ಎಷ್ಟೋ ಜನರನ್ನು ಸರಪಳಿ ಬಿಗಿದು ಸಾಗಿಸಿದರು. ಅನೇಕರು ಮನೆಗೆ ಮರಳಲೇ ಇಲ್ಲ. ಅಂಥ ನೆನಪಿರುವ ಜನರ ಮುಂದೆ ಹೊರಗಿನವರು ಸೂಜಿ ಹಿಡಿದು 'ನಿಮ್ಮ ಒಳ್ಳೆಯದಕ್ಕೇ' ಎಂದರೆ ನಂಬುವುದು ಹೇಗೆ? ಮೂಲನಿವಾಸಿಗಳೇ 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ತಮ್ಮದೇ ಆರೋಗ್ಯ ಸೇವೆ ಕಟ್ಟಿಕೊಂಡರು. ಮುಂದೆ ದೇಶದ ಉದ್ದಗಲಕ್ಕೂ ಅಂಥವು ಹುಟ್ಟಿದವು. ಸಿಫಿಲಿಸ್‌ನ ಈ ತ್ವರಿತ ಪರೀಕ್ಷೆಯನ್ನು ಮೊದಲು ಕೈಗೆತ್ತಿಕೊಂಡವೂ ಅಂಥ ಕೇಂದ್ರಗಳೇ. ಯಂತ್ರಕ್ಕಿಂತ ನನಗೆ ಇದೇ ದೊಡ್ಡ ಸಂಗತಿ.

ಹಾಗೆಂದು ಎಲ್ಲವೂ ಸಲೀಸಲ್ಲ. ಊರು ಚಿಕ್ಕದು, ಪರೀಕ್ಷೆ ಮಾಡುವಾಕೆ ವರಸೆಯಲ್ಲಿ ಅತ್ತೆಯೋ ಅಕ್ಕನೋ ಆಗಿರಬಹುದು. ಗಂಡಸರ ಮಾತು ಗಂಡಸರಲ್ಲೇ, ಹೆಂಗಸರದು ಹೆಂಗಸರಲ್ಲೇ ನಡೆಯಬೇಕೆಂಬ ಕಟ್ಟಳೆಯೂ ಇದೆ. ಅದಕ್ಕೇ ಕೆಲವು ಕೇಂದ್ರಗಳಲ್ಲಿ ಗಂಡಸರಿಗೆ ಬೇರೆಯೇ ಬಾಗಿಲು ಇಟ್ಟಿದ್ದಾರೆ.