ಲೇಖನಿ ಎತ್ತಲ್ಪಟ್ಟ ಮಕ್ಕಳು

ಪುತ್ತೂರು, ಸುಳ್ಯ, ಕಡಬ ಕಡೆಯ ಮುಸ್ಲಿಮ್ ಮನೆಗಳಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗುವೊಂದಿದ್ದರೆ ಅದರ ಬಗ್ಗೆ ಒಂದು ಮಾತು ಕೇಳಿ ಬರುತ್ತದೆ: 'ಅವನಿಗೇನೂ ಗೊತ್ತಾಗುವುದಿಲ್ಲ, ಅವನು ಸ್ವರ್ಗದ ಮಗು.' ನೆರೆಯ ಹಿಂದೂ ಮನೆಯಲ್ಲಿ ಅದೇ ಮಾತು 'ದೇವರ ಮಗು' ಎಂದಾಗುತ್ತದೆ. ಈ ಮಾತಿನಲ್ಲಿ ತಾಯಿಗೊಂದು ಸಮಾಧಾನವಿದೆ, ಅದನ್ನು ಕಸಿಯುವ ಹಕ್ಕು ನಮಗೆ ಯಾರಿಗೂ ಇಲ್ಲ. ನಮ್ಮ ತಕರಾರು ಇರುವುದು ಮಾತಿನ ಮೊದಲರ್ಧದ ಬಗ್ಗೆ. ಏನೂ ಗೊತ್ತಾಗುವುದಿಲ್ಲ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ ಯಾರೂ ಏನನ್ನೂ ಕಲಿಸಲು ಹೋಗುವುದಿಲ್ಲ. ಹತ್ತು ವರ್ಷವಾದರೂ ತಾಯಿಯೇ ತುತ್ತು ಕೊಡುತ್ತಾಳೆ, ತಾಯಿಯೇ ಸ್ನಾನ ಮಾಡಿಸುತ್ತಾಳೆ. ಮನೆಗೆ ನೆಂಟರು ಬಂದಾಗ ಮಗು ಒಳಕೋಣೆಗೆ ಸೇರುತ್ತದೆ.

ಇದಕ್ಕೆ ಧರ್ಮದ ಆಧಾರವೂ ಇದೆಯೆಂದು ಹಲವರು ಭಾವಿಸಿದ್ದಾರೆ. ನಿದ್ರಿಸಿರುವವನು, ಪ್ರಾಯಕ್ಕೆ ಬಾರದ ಮಗು, ಬುದ್ಧಿ ಸ್ವಾಧೀನವಿಲ್ಲದವನು - ಈ ಮೂವರ ಮೇಲಿನಿಂದ ಲೇಖನಿಯನ್ನು ಎತ್ತಲಾಗಿದೆ ಎಂಬ ಪ್ರವಾದಿ ವಚನ ಪ್ರಸಿದ್ಧವಾದದ್ದು. ಅವರ ಕರ್ಮಗಳನ್ನು ಬರೆದಿಡಲಾಗುವುದಿಲ್ಲ, ಅವರಿಗೆ ವಿಚಾರಣೆಯಿಲ್ಲ. ಹೊಣೆಯಿಲ್ಲದವನಿಗೆ ಶಿಕ್ಷಣವೇಕೆ ಎಂಬ ಭಾವನೆ ಇಲ್ಲಿಂದಲೇ ನುಸುಳುತ್ತದೆ.

ಆದರೆ ಆ ಮೂವರನ್ನು ಮತ್ತೊಮ್ಮೆ ಗಮನಿಸಿ. ಅವರ ನಡುವೆ ನಮ್ಮ ನಿಮ್ಮ ಮನೆಯ ಸಾಮಾನ್ಯ ಮಗುವೂ ಇದೆ. ಅದರ ಮೇಲಿನಿಂದಲೂ ಲೇಖನಿ ಎತ್ತಲ್ಪಟ್ಟಿದೆ. ಹಾಗೆಂದು ಪ್ರಾಯಕ್ಕೆ ಬರುವವರೆಗೆ ಅದಕ್ಕೇನೂ ಕಲಿಸದೆ ಬಿಟ್ಟಿದ್ದೇವೆಯೇ? ಏಳನೇ ವರ್ಷದಲ್ಲಿ ನಮಾಝ್ ಕಲಿಸಲು ಹೇಳಿದ್ದು ಕೂಡಾ ಅದೇ ಪ್ರವಾದಿ(ಸ)ರು. ಅಂದರೆ ವಿಚಾರಣೆಯಿಂದ ವಿನಾಯಿತಿ ಬೇರೆ, ಕಲಿಕೆಯಿಂದ ವಿನಾಯಿತಿ ಬೇರೆ. ಮಗುವಿನ ಲೆಕ್ಕ ಬರೆಯಲಾಗದಿರಬಹುದು, ಕಲಿಸಬೇಕಾದವರ ಲೆಕ್ಕ ಬರೆಯಲಾಗುತ್ತಲೇ ಇರುತ್ತದೆ. ಒಂದೇ ವಿನಾಯಿತಿಯ ಕೆಳಗಿರುವ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಕಲಿಸಿ ಇನ್ನೊಬ್ಬನನ್ನು ಬಿಡುವುದಕ್ಕೆ ಈ ವಚನದಲ್ಲಿ ಆಧಾರ ಸಿಗುವುದಿಲ್ಲ.

ಹಾಗಾದರೆ ಏನು ಕಲಿಸಬೇಕು? ಅಕ್ಷರ, ಮಗ್ಗಿಗಳ ಮಾತು ಆಮೇಲೆ. ಹಲ್ಲುಜ್ಜುವುದು, ಶೌಚದ ನಂತರ ಶುಚಿಯಾಗುವುದು, ಹಸಿವಾದಾಗ ಕಿರುಚದೆ ಹೇಳುವುದು, ಸರದಿ ಕಾಯುವುದು, ಸಿಟ್ಟು ಬಂದಾಗ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳದಿರುವುದು, ಹೆಣ್ಣುಮಗುವಾದರೆ ತಿಂಗಳ ದಿನಗಳನ್ನು ನಿಭಾಯಿಸುವುದು. ಇವುಗಳಿಗೆ ಈಗ ಜೀವನ ಕೌಶಲ ಎಂಬ ದೊಡ್ಡ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಅಂತಹ ಹತ್ತು ಕೌಶಲಗಳ ಪಟ್ಟಿ ಕೊಟ್ಟಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಮಕ್ಕಳ ಸಾಮಾಜಿಕ, ಭಾವನಾತ್ಮಕ ಕಲಿಕೆಯ ಪ್ರಸ್ತಾಪವಿದೆ.

ಕಲಿಸುವ ವಿಧಾನಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ವಿಶೇಷ ಶಿಕ್ಷಕರು ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆಯುತ್ತಾರೆ. ಪ್ರತಿದಿನ ಅದೇ ಕ್ರಮ, ಅದೇ ಜಾಗ, ಅದೇ ಮಾತು. ನಮ್ಮ ಮದ್ರಸದ ಉಸ್ತಾದರು ಪುಟ್ಟ ಮಕ್ಕಳಿಗೆ ವುಝೂ ಕಲಿಸುವುದನ್ನು ನೋಡಿ. ಮೊದಲು ಕೈ, ಆಮೇಲೆ ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ತಲೆ, ಕಿವಿ, ಕೊನೆಗೆ ಪಾದ. ಕರಾವಳಿಯ ಮುಸ್ಲಿಮರು ಹೆಚ್ಚಾಗಿ ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಂತೂ ಕ್ರಮ ತಪ್ಪದಿರುವುದೇ ವುಝೂವಿನ ಒಂದು ಕಡ್ಡಾಯ ಅಂಗ. ದಿನಕ್ಕೆ ಐದು ಬಾರಿ, ವರ್ಷವಿಡೀ, ಬದಲಾಗದ ಅದೇ ಹಂತಗಳು. ಬದಲಾವಣೆಯಿಂದ ಗಾಬರಿಯಾಗುವ ಆಟಿಸಂ ಇರುವ ಮಗುವಿಗೆ ಇದಕ್ಕಿಂತ ಅನುಕೂಲವಾದ ಪಾಠ ಯಾವುದಿದೆ? ಮಗುವಿಗೆ ನೀರಿನ ಭಯವಿದ್ದರೆ ಒಂದು ತಿಂಗಳು ಕೈ ತೊಳೆಯುವುದಷ್ಟೇ ಸಾಕು. ಅವನ ವುಝೂ ಪೂರ್ಣವಾಯಿತೇ ಇಲ್ಲವೇ ಎಂದು ಯಾರೂ ವಿಚಾರಿಸುವುದಿಲ್ಲವಲ್ಲ, ಲೇಖನಿ ಎತ್ತಿರುವುದರ ಪ್ರಯೋಜನ ಇದು! ಇನ್ನೊಂದು ಉಪಾಯವೂ ಉಂಟು. ಕೊನೆಯ ಹಂತವನ್ನು ಮೊದಲು ಕಲಿಸುವುದು. ಅಂಗಿ ತೊಡಿಸಿ, ಗುಂಡಿಗಳನ್ನೆಲ್ಲ ತಾಯಿಯೇ ಹಾಕಿ, ಕೊನೆಯ ಒಂದು ಗುಂಡಿಯನ್ನು ಮಗುವಿಗೆ ಬಿಡುವುದು. ಕೆಲಸ ಮುಗಿಸಿದ ಸಂತೋಷ ಮಗುವಿಗೆ ಸಿಗುತ್ತದೆ. ಅದು ಬಂದ ಮೇಲೆ ಕೊನೆಯ ಎರಡು ಗುಂಡಿ. ಇದಕ್ಕೆ ದುಬಾರಿ ಉಪಕರಣ ಬೇಡ, ತಾಳ್ಮೆ ಬೇಕು. ಆ ತಾಳ್ಮೆಯನ್ನು ತಾಯಿಯೊಬ್ಬಳಿಂದಲೇ ನಿರೀಕ್ಷಿಸುವುದು ಮಾತ್ರ ಅನ್ಯಾಯ.

ಭಾವನೆಯ ವಿಷಯದಲ್ಲಿ ನಮ್ಮ ಊರಿನ ಮಗುವಿಗೊಂದು ವಿಚಿತ್ರ ತೊಡಕಿದೆ. ಮನೆಯಲ್ಲಿ ಬ್ಯಾರಿ ಅಥವಾ ಮಲಯಾಳಂ, ಬೀದಿಯಲ್ಲಿ ತುಳು, ಸುಳ್ಯದ ಕಡೆ ಹೋದರೆ ಅರೆಭಾಷೆ, ಅಂಗನವಾಡಿಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ. ಚುರುಕಾದ ಮಗು ಇದನ್ನೆಲ್ಲ ಆಟದಂತೆ ಕಲಿತು ಬಿಡುತ್ತದೆ. ಮಾತು ತಡವಾಗಿ ಬರುವ ಮಗು ಏನು ಮಾಡಬೇಕು? ಟೀಚರ್ 'ಹೆದರಿಕೆ' ಎನ್ನುತ್ತಾರೆ, ಪಕ್ಕದ ಮನೆಯವರು 'ಪೋಡಿಗೆ' ಎನ್ನುತ್ತಾರೆ, ಮನೆಯಲ್ಲಿ ಮತ್ತೊಂದು ಪದ. ಇದು ಸಾಲದೆಂಬಂತೆ ದೊಡ್ಡವರಾದ ನಾವು ಎಲ್ಲದಕ್ಕೂ 'ಬೇಜಾರು' ಎಂಬ ಒಂದೇ ಪದ ಇಟ್ಟುಕೊಂಡಿದ್ದೇವೆ. ದುಃಖವೂ ಬೇಜಾರು, ಆಯಾಸವೂ ಬೇಜಾರು, ಬಸ್ಸು ಬಾರದಿದ್ದರೂ ಬೇಜಾರು, ಸಾವಿನ ಮನೆಯಲ್ಲೂ ಬೇಜಾರು. ಮಗು ಅಳುತ್ತಿರುವುದು ನೋವಿಗೋ ಭಯಕ್ಕೋ ಎಂದು ತಿಳಿಯದೆ ಔಷಧಿ ಕೊಡಿಸುವವರಿದ್ದಾರೆ, ಮಂತ್ರಿಸಿದ ನೂಲು ಕಟ್ಟಿಸುವವರೂ ಇದ್ದಾರೆ. ಭಾವನೆಯ ಹೆಸರುಗಳನ್ನು ಮೊದಲು ಮನೆಮಾತಿನಲ್ಲೇ ಕಲಿಸಬೇಕು. ಮಾತೇ ಬಾರದ ಮಗುವಿಗೆ ಮುಖದ ನಾಲ್ಕು ಚಿತ್ರಗಳನ್ನು ಗೋಡೆಗೆ ಅಂಟಿಸಿ ಬೆರಳು ತೋರಿಸಲು ಕಲಿಸಬಹುದು. ಪ್ರವಾದಿ(ಸ)ರ ಸೇವಕ ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಹಕ್ಕಿಮರಿ ಸಾಕಿದ್ದ. ಅದು ಸತ್ತಾಗ ಅವನು ಮಂಕಾಗಿ ಕುಳಿತಿದ್ದ. ಪ್ರವಾದಿ(ಸ)ರು ಅವನನ್ನು ಹೆಸರು ಹಿಡಿದು ಕರೆದು, ನಿನ್ನ ಹಕ್ಕಿಮರಿ ಏನಾಯಿತೆಂದು ವಿಚಾರಿಸಿದರು. ಒಂದು ಸಮುದಾಯವನ್ನೇ ಮುನ್ನಡೆಸುತ್ತಿದ್ದವರಿಗೆ ಮಗುವಿನ ದುಃಖಕ್ಕೂ ಬಿಡುವಿತ್ತು.

ಇನ್ನು ಎಲ್ಲಕ್ಕಿಂತ ಕಷ್ಟದ ಪಾಠ. ವಿಶೇಷ ಅಗತ್ಯವುಳ್ಳ ಮಗುವಿನಲ್ಲಿ ಜನರು ಮೆಚ್ಚುವ ಗುಣ ಯಾವುದು? 'ಪಾಪ, ಯಾರು ಏನು ಹೇಳಿದರೂ ಕೇಳುತ್ತಾನೆ.' ಈ ಮೆಚ್ಚುಗೆಯೇ ಅಪಾಯಕಾರಿ. ಯಾರು ಹೇಳಿದರೂ ಕೇಳುವ ಮಗು ಕೆಟ್ಟವನ ಮಾತನ್ನೂ ಕೇಳುತ್ತದೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸಲು 2012ರಲ್ಲಿ ಪೋಕ್ಸೋ ಕಾನೂನು ಬಂತು, ಮಗುವಿಗೆ ದೈಹಿಕ ಅಥವಾ ಮಾನಸಿಕ ನ್ಯೂನತೆ ಇರುವುದನ್ನು ಬಳಸಿಕೊಂಡವನಿಗೆ ಅದರಲ್ಲಿ ಹೆಚ್ಚಿನ ಶಿಕ್ಷೆಯೂ ಇದೆ. ಆದರೆ ನಡೆದದ್ದನ್ನು ಹೇಳಲು ಮಗುವಿಗೆ ತನ್ನ ದೇಹದ ಅಂಗಗಳ ಹೆಸರಾದರೂ ಗೊತ್ತಿರಬೇಕಲ್ಲ? ಇಲ್ಲಿ ನಮ್ಮ ಸಮಾಜ ನಾಚುತ್ತದೆ. ಶೌಚ ಶುದ್ಧಿಯ ನಿಯಮಗಳನ್ನು ಎಳೆಎಳೆಯಾಗಿ ಬಿಡಿಸಿ ಹೇಳುವ ಫಿಕ್ಹ್ ಗ್ರಂಥಗಳನ್ನು ಮದ್ರಸಗಳಲ್ಲಿ ಸಂಕೋಚವಿಲ್ಲದೆ ಓದಿಸುವ ನಮಗೆ ಈ ನಾಚಿಕೆ ಎಲ್ಲಿಂದ ಬಂತೋ ತಿಳಿಯದು. ವಿಧೇಯತೆ ಒಳ್ಳೆಯ ಗುಣ, ನಿಜ. ಬೇಡ ಎನ್ನಲು ಬಲ್ಲವನ ವಿಧೇಯತೆಗೆ ಮಾತ್ರ ಅರ್ಥವಿದೆ. ಈ ಮಕ್ಕಳಿಗೆ ಕೈ ಅಡ್ಡ ಹಿಡಿದು 'ಬೇಡ' ಎನ್ನಲು ಕಲಿಸಬೇಕು, ಅವರು ನಮಗೇ ಬೇಡ ಎಂದಾಗ ಸಾಧ್ಯವಿದ್ದಷ್ಟು ಅದನ್ನು ಮನ್ನಿಸಬೇಕು. ನೆಂಟರಿಗೆ ಮುತ್ತು ಕೊಡಲೊಲ್ಲದ ಮಗುವನ್ನು ಗದರಿಸುವ ಮನೆಯಲ್ಲಿ ಈ ಪಾಠ ನಡೆಯದು.

ನಮ್ಮ ಮೂರು ತಾಲೂಕುಗಳಲ್ಲಿ ಈ ವಿಷಯಕ್ಕೆ ಬೇರೊಂದು ಇತಿಹಾಸವೂ ಇದೆ. ಗೇರು ತೋಟಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕಾಸರಗೋಡಿನ ಪಡ್ರೆಯಿಂದ ಬೆಳ್ತಂಗಡಿಯ ಕೊಕ್ಕಡದವರೆಗೆ ನ್ಯೂನತೆಯ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು. ಕೊಕ್ಕಡದಲ್ಲಿ, ಈಗ ಕಡಬ ತಾಲೂಕಿಗೆ ಸೇರಿದ ಕೊಯಿಲದಲ್ಲಿ ಬಾಧಿತರಿಗಾಗಿ ಪಾಲನಾ ಕೇಂದ್ರಗಳು ಹುಟ್ಟಿಕೊಂಡವು. ಆ ಹೋರಾಟ ದೊಡ್ಡದು. ಆದರೆ ಪರಿಹಾರ, ಪಿಂಚಣಿಗಳ ಚರ್ಚೆಯ ನಡುವೆ ಮಗುವಿಗೆ ಏನು ಕಲಿಸಿದೆವೆಂಬ ಪ್ರಶ್ನೆ ಹಿಂದೆ ಬಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 1995ರ ಕಾಯ್ದೆಯ ಏಳು ವಿಧಗಳನ್ನು ಇಪ್ಪತ್ತೊಂದಕ್ಕೆ ಏರಿಸಿತು, ನಿಗದಿತ ಪ್ರಮಾಣದ ನ್ಯೂನತೆಯಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣವೂ ಇದೆ. ಸುಳ್ಯದಲ್ಲಿ ಸಾಂದೀಪ್ ವಿಶೇಷ ಶಾಲೆಯಿದೆ. ಕಾಡಂಚಿನ ರಬ್ಬರ್ ತೋಟದ ಮನೆಯಿಂದ ನಡೆಯಲಾಗದ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಬೇಕಾದ ತಾಯಿಗೆ ಈ ಹಕ್ಕು ಎಷ್ಟು ದೂರದಲ್ಲಿದೆಯೆಂದು ಬೆಂಗಳೂರಿನಲ್ಲಿ ಕುಳಿತವರಿಗೆ ಅರ್ಥವಾಗಲಿಕ್ಕಿಲ್ಲ. ಆದರೆ ಮದ್ರಸ ಹೆಚ್ಚು ಕಡಿಮೆ ಪ್ರತಿ ಊರಿನಲ್ಲೂ ಇದೆ, ಅಂಗನವಾಡಿಯೂ ಇದೆ. ವಾರಕ್ಕೆ ಎರಡು ಗಂಟೆ ಅಲ್ಲಿ ಈ ಮಕ್ಕಳಿಗೊಂದು ಚಾಪೆ ಹಾಸಲು ಜಮಾಅತ್ ಕಮಿಟಿಗೆ ಎಷ್ಟು ಖರ್ಚಾದೀತು?

ಉಳಿದ ಮಕ್ಕಳ ಜೊತೆ ಕೂರಿಸಿದರೆ ಪಾಠಕ್ಕೆ ತೊಂದರೆಯೆನ್ನುವವರಿದ್ದಾರೆ. ಪವಿತ್ರ ಕುರ್‌ಆನಿನ 80ನೆಯ ಅಧ್ಯಾಯ 'ಅಬಸ' ಅವತೀರ್ಣಗೊಂಡ ಸಂದರ್ಭ ಎಲ್ಲರಿಗೂ ಗೊತ್ತಿದೆ. ಕುರೈಶ್ ಮುಖಂಡರೊಂದಿಗೆ ಗಂಭೀರ ಮಾತುಕತೆ ನಡೆದಿರುವಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ನಡುವೆ ಬಂದು ತನಗೆ ಕಲಿಸಲು ಕೇಳಿಕೊಂಡರು. ಅಡಚಣೆಯೆನಿಸಿ ಮುಖ ಸಿಂಡರಿಸಿದ್ದಕ್ಕೆ ಆಕ್ಷೇಪ ಬಂದದ್ದು ಆಕಾಶದಿಂದ. ಅಲ್ಲಿ ಕೂಡಾ ಪ್ರಶ್ನೆ ಇದ್ದದ್ದು ಕಲಿಸುವುದರ ಬಗ್ಗೆಯೇ, ಯಾರ ಕಲಿಕೆಗೆ ಬೆಲೆ ಹೆಚ್ಚು ಎಂಬುದರ ಬಗ್ಗೆ. ಮುಂದೆ ಅದೇ ಅಬ್ದುಲ್ಲಾ(ರ) ಮದೀನಾದಲ್ಲಿ ಅಝಾನ್ ಕರೆ ಕೊಟ್ಟರು. ಪ್ರವಾದಿ(ಸ)ರು ಊರಲ್ಲಿಲ್ಲದಾಗ ಅವರ ಸ್ಥಾನದಲ್ಲಿ ನಿಂತರು. ಬುದ್ಧಿ ತುಸು ಅಸ್ಥಿರವಾಗಿದ್ದ ಮಹಿಳೆಯೊಬ್ಬಳು ತನಗೇನೋ ಹೇಳಲಿಕ್ಕಿದೆ ಎಂದಾಗ, ನೀನು ಬಯಸಿದ ಬೀದಿಯಲ್ಲಿ ಬಂದು ಕೇಳುತ್ತೇನೆಂದು ಪ್ರವಾದಿ(ಸ)ರು ಹೋಗಿ ನಿಂತ ಪ್ರಸಂಗವನ್ನು ಅನಸ್(ರ) ವರದಿ ಮಾಡಿದ್ದಾರೆ. ಅವಳ ಮಾತು ಮುಗಿಯುವವರೆಗೂ ಅವರು ಅಲ್ಲಿಯೇ ಇದ್ದರು.

ಈ ಮಕ್ಕಳ ಹೆತ್ತವರನ್ನು ರಾತ್ರಿ ನಿದ್ದೆ ಕೆಡಿಸುವ ಪ್ರಶ್ನೆ ಒಂದೇ: ನಮ್ಮ ನಂತರ ಯಾರು? ಇದಕ್ಕೆ ಉತ್ತರವಾಗಿ ಕೆಲವರು ಮಗುವಿನ ಹೆಸರಿಗೆ ಅಡಿಕೆ ತೋಟದ ಒಂದು ಭಾಗ ಬರೆದಿಡುತ್ತಾರೆ, ಕೆಲವರು ಬ್ಯಾಂಕಿನಲ್ಲಿ ಹಣ ಇಡುತ್ತಾರೆ. ಒಳ್ಳೆಯದೇ. ಆದರೆ ತಾನೇ ಸ್ನಾನ ಮಾಡಿ ಬಟ್ಟೆ ತೊಟ್ಟುಕೊಳ್ಳುವ, ಹೊಟ್ಟೆನೋವನ್ನು ಬೆರಳಿಟ್ಟು ತೋರಿಸಬಲ್ಲ, ಊಟಕ್ಕೆ ಸರದಿ ಕಾಯುವ ಮೈದುನನನ್ನು ಅತ್ತಿಗೆ ತನ್ನ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ, ಮೂವತ್ತು ವರ್ಷವಾದರೂ ಇನ್ನೊಬ್ಬರು ತೊಳೆಸಬೇಕಾದವನನ್ನು ಇಟ್ಟುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಕೊನೆಯ ಗುಂಡಿಯಿಂದ ಮೊದಲ ಗುಂಡಿಗೆ ಬರಲು ಕೆಲವು ಮಕ್ಕಳಿಗೆ ಎರಡು ವರ್ಷವೂ ಹಿಡಿಯುತ್ತದೆ, ಆದ್ದರಿಂದ ಆರಂಭಿಸಬೇಕಾದದ್ದು ಮಗುವಿಗೆ ಮೂರೋ ನಾಲ್ಕೋ ವರ್ಷವಾದಾಗಲೇ.