ಹಳೆಯ ಕಾರಿನ ಜೀರ್ಣೋದ್ಧಾರ

ಬಹುಕಾಲ ಮೂಲೆಗೆ ಬಿದ್ದ ಸ್ಪೋರ್ಟ್ಸ್ ಕಾರನ್ನು ಮತ್ತೆ ಓಡಿಸಹೊರಟವನಿಗೆ ಮೊದಲು ಬೇಕಾದುದು ತಾಳ್ಮೆ. ಟ್ಯಾಂಕಿನ ಪೆಟ್ರೋಲು ಅಂಟಾಗಿರುತ್ತದೆ. ಬ್ರೇಕಿನ ರಬ್ಬರು ಬಿರಿದಿರುತ್ತದೆ. ಪಿಸ್ಟನ್ನು ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿರುತ್ತದೆ. ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಎಂಜಿನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಬೇಕು. ಆದರೆ ಕೆಟ್ಟುದನ್ನೆಲ್ಲ ಬದಲಿಸುತ್ತ ಹೋದರೆ ಕೊನೆಗೆ ಓಡುವುದು ಆ ಕಾರೇ ಹೌದೆ?

1925ರ ಬುಗಾಟಿಯೊಂದು ಸ್ವಿಟ್ಜರ್ಲೆಂಡಿನ ಅಸ್ಕೋನಾದ ಬಳಿ ಮ್ಯಾಜೋರೆ ಸರೋವರದ ತಳದಲ್ಲಿ ದಶಕಗಟ್ಟಲೆ ಮುಳುಗಿದ್ದಿತು. 2009ರಲ್ಲಿ ಅದನ್ನು ಮೇಲೆತ್ತಿದರು; 2010ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಮಾರಿದರು. ಕೊಂಡವರು ಓಡಿಸಹೋಗದೆ ತುಕ್ಕಿನೊಡನೆಯೇ ಪ್ರದರ್ಶನಕ್ಕಿಟ್ಟರು. ಓಡಿಸಬೇಕೆಂದಿದ್ದರೆ ಬಹುಪಾಲನ್ನು ಹೊಸದಾಗಿಯೇ ಮಾಡಬೇಕಾಗುತ್ತಿತ್ತು.

ಹಾಗೆಂದು ರಿಪೇರಿಯೇ ತಪ್ಪೆನ್ನಲಾರೆ. ಕನ್ನಡ ಪಾಠ ಹೇಳುವ ನನಗೆ ಓಲೆಗರಿಗಳ ನೆನಪಾಗುತ್ತದೆ. ಹುಳು ತಿಂದ ಅಕ್ಷರಗಳನ್ನು ಸಂಪಾದಕರು ಊಹಿಸಿ ತುಂಬುವುದುಂಟು. ಆದರೆ ಅವನ್ನು ಕಂಸದೊಳಗಿಡುತ್ತಾರೆ. ಆ ಕಂಸವೇ ಸಂಪಾದಕನ ಧರ್ಮ. ಕಾರನ್ನು ದುರಸ್ತಿ ಮಾಡುವವನೂ ಹಳೆಯದಾವುದು, ತಾನು ಸೇರಿಸಿದುದಾವುದು ಎಂದು ಬರೆದಿಡಲಿ. ಆಗ ಹೊಸ ಪಿಸ್ಟನ್ನು ಸುಳ್ಳಾಗುವುದಿಲ್ಲ. ಮುಂದೆ ಅದನ್ನು ಕೊಳ್ಳುವವನಿಗೆ, ನೋಡಿ ನಂಬುವವನಿಗೆ, ಅಷ್ಟು ಋಣವನ್ನಾದರೂ ತೀರಿಸಬೇಡವೆ?