ಇಂದಿನ ಧಮ್ಮ ಚಿಂತನೆ: ಹಾರಿ ಮತ್ತು ಕಲ್ಲಿನ ಚಕ್ಕೆ

 



ಇಳಕಲ್ಲಿನ ಕೆಂಪು ಗ್ರಾನೈಟ್ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಂದು ಘನ ಮೀಟರ್ ಕಲ್ಲು ಸುಮಾರು 2.7 ಟನ್ ತೂಗುತ್ತದೆ. ಈಗ ಕ್ವಾರಿಗಳಿಗೆ ಕ್ರೇನ್ ಬಂದಿವೆ. ನಮ್ಮಪ್ಪನ ಕಾಲಕ್ಕೆ ಇದ್ದದ್ದು ಕಬ್ಬಿಣದ ಹಾರಿ ಮತ್ತು ನಮ್ಮವರ ರಟ್ಟೆ.

ವಿಜ್ಞಾನದ ಪಾಠದಲ್ಲಿ ಇದಕ್ಕೆ ಸನ್ನೆ ಎನ್ನುತ್ತಾರೆ. 150 ಸೆಂ.ಮೀ. ಉದ್ದದ ಹಾರಿ. ತುದಿಯಿಂದ 10 ಸೆಂ.ಮೀ. ದೂರದಲ್ಲಿ ಆನಿಕೆಗೆ ಒಂದು ಕಲ್ಲು. ಈಚೆ 25 ಕಿಲೋ ಭಾರ ಹಾಕಿದರೆ ಆಚೆ 350 ಕಿಲೋ ಭಾರ ಮಿಸುಕುತ್ತದೆ. ಆದರೆ ಕೈ 14 ಸೆಂ.ಮೀ. ಇಳಿದರೆ ಕಲ್ಲು ಏಳುವುದು ಒಂದೇ ಸೆಂ.ಮೀ. ಅಷ್ಟರಲ್ಲಿ ಇನ್ನೊಬ್ಬ ಕೆಳಗೆ ಚಕ್ಕೆ ತುರುಕಬೇಕು. ಇಲ್ಲದಿದ್ದರೆ ಹಾರಿ ತೆಗೆದ ಕೂಡಲೇ ಕಲ್ಲು ಮೊದಲಿನ ಜಾಗಕ್ಕೇ ಕೂರುತ್ತದೆ. ಅಪ್ಪ ಹೇಳುತ್ತಿದ್ದ: "ಎತ್ತಿದ್ದು ದೊಡ್ಡದಲ್ಲೋ ತಮ್ಮಾ, ಇಳೀದಂಗ ಹಿಡಿದದ್ದು ದೊಡ್ಡದು."

ಭಗವಾನ್ ಬುದ್ಧರು ಸಮ್ಮಾ ವಾಯಾಮದಲ್ಲಿ ನಾಲ್ಕು ಪ್ರಯತ್ನಗಳನ್ನು ಹೇಳಿದರು. ಬಾರದ ಕೆಡುಕನ್ನು ತಡೆಯುವುದು, ಬಂದ ಕೆಡುಕನ್ನು ಬಿಡುವುದು, ಇಲ್ಲದ ಒಳಿತನ್ನು ಬೆಳೆಸುವುದು, ಬೆಳೆದ ಒಳಿತನ್ನು ಕಾಯುವುದು. ಈ ನಾಲ್ಕನೆಯದೇ ಅನುರಕ್ಖಣಾ. ಅಪ್ಪ ಹೇಳಿದ ಚಕ್ಕೆ.

ಜಾತಿಯ ಬಂಡೆಗೆ ಹಾರಿ ಎಲ್ಲಿ ಹಾಕಬೇಕೆಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ತೋರಿಸಿದರು. ಸಹಭೋಜನವೊಂದೇ ಸಾಲದು, ಶಾಸ್ತ್ರಗಳು ಪವಿತ್ರವೆಂಬ ನಂಬಿಕೆಯ ಬುಡಕ್ಕೇ ಹಾಕಬೇಕು. ಯೇವಲಾದ ಘೋಷಣೆ 1935ರಲ್ಲಿ, ನಾಗಪುರದ ದೀಕ್ಷೆ 1956ರ ಅಕ್ಟೋಬರ್ 14ರಂದು. ಇಪ್ಪತ್ತೊಂದು ವರ್ಷ ಮೀಟಿದರು. ಆ ದಿನ ತ್ರಿಶರಣ ಪಂಚಶೀಲದ ಜೊತೆಗೆ 22 ಪ್ರತಿಜ್ಞೆಗಳನ್ನೂ ಕೊಟ್ಟರು. ಅವು 22 ಚಕ್ಕೆಗಳು. ಎದ್ದ ಸಮಾಜ ಮತ್ತೆ ಕೆಳಗೆ ಕೂರಬಾರದೆಂದು ಇಟ್ಟವು.

ಒಂದು ಮಾತು ಒಪ್ಪಿಕೊಳ್ಳಬೇಕು. ದೀಕ್ಷೆ ತೆಗೆದುಕೊಂಡು ಆರು ವರ್ಷದ ಮೇಲೆ, ತಂಗಿಯ ಮದುವೆಗೆ ನಾನೇ ಹೋಗಿ ಪಂಚಾಂಗ ನೋಡಿಸಿ ಬಂದೆ. ಬೀಗರು ಏನಂದಾರೋ ಎಂಬ ಅಂಜಿಕೆ. ಮದುವೆ ಬುದ್ಧವಂದನೆಯಿಂದಲೇ ಆಯಿತು, ದಿನ ಮಾತ್ರ ಭಟ್ಟರು ಕೊಟ್ಟದ್ದು. ಅವ್ವ ಕೇಳಿದಳು: "ಹಂಗಾದ್ರ ಜಗಲಿ ಮ್ಯಾಲಿನ ದೇವರನ್ನ ಯಾಕ ತೆಗಿಸಿದ್ಯೋ?" ನನ್ನ ಬಳಿ ಉತ್ತರವಿರಲಿಲ್ಲ. ಓದಿದವನು ನಾನು, ಚಕ್ಕೆ ಇಡಲು ಮರೆತವನೂ ನಾನೇ.

ಕಲ್ಲು ಹಿಂದಕ್ಕೆ ಕೂತರೆ ಹಾರಿ ಎಸೆದು ಹೋಗುವುದಿಲ್ಲ, ಮತ್ತೆ ಮೀಟುತ್ತಾರೆ. ಕಳೆದ ವರ್ಷ ಮಗನ ನಾಮಕರಣ ನಾವು ಭಾನುವಾರ ಇಟ್ಟುಕೊಂಡೆವು. ಕಾರಣ ಇಷ್ಟೇ, ಅಂದು ಎಲ್ಲರಿಗೂ ರಜೆ. ಅವ್ವ ನಕ್ಕಳು.

ಇಂದಿನ ಅಭ್ಯಾಸ: ನಮ್ಮ ಮನೆಯಲ್ಲಿ ಎದ್ದು ನಿಂತದ್ದು ಯಾವುದು? ಅದರ ಕೆಳಗೆ ಚಕ್ಕೆ ಇಟ್ಟಿದ್ದೇವೆಯೇ? ರಾತ್ರಿ ಊಟಕ್ಕೆ ಕೂತಾಗ ಮನೆಯವರೆಲ್ಲ ಒಂದು ಪ್ರತಿಜ್ಞೆ ಓದಿ, ಅದರ ಬಗ್ಗೆ ಮಾತಾಡೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.